ಶರಾವತಿ ಹಿನ್ನೀರಿನಲ್ಲಿ ಅಜ್ಜಿಯ ಬಳೆ ಬಿದ್ದಿದೆ, ಹುಡುಕುವುದು ಹೇಗೆ?

ತಾಳಗುಪ್ಪದ ಮೊಮ್ಮಗಳು | ಜನವರಿ 19, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಿಲ್ಲ. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ನಮ್ಮ ಅಜ್ಜಿಗೆ 84 ವರ್ಷ. ಅವರ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಊರು. ಸಂಕ್ರಾಂತಿಗೆ ಸೋದರಮಾವನ ಮನೆಗೆ ಹೋಗಿದ್ದೆವು. "ಒಂದು ಸಲ ಅಲ್ಲಿಗೆ ಕರಕೊಂಡು ಹೋಗು" ಅಂತ ಅಜ್ಜಿ ಮಾವನಿಗೆ ಹೇಳಿದರು. ಮಾವನ ಹತ್ತಿರ ಸಣ್ಣ ಫೈಬರ್ ದೋಣಿ ಇದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡೇ ಹೋದೆವು.

ಗುಡ್ಡದ ಗುರುತು ಹಿಡಿದು ಒಂದು ಕಡೆ ದೋಣಿ ನಿಲ್ಲಿಸಲು ಅಜ್ಜಿಯೇ ಹೇಳಿದರು. "ಇಲ್ಲೇ ನಮ್ಮ ಅಂಗಳ" ಅಂದು ನೀರು ಮುಟ್ಟಲು ಕೈ ಇಳಿಸಿದರು. ಈಚೆಗೆ ಅವರ ಕೈ ಬಹಳ ಸೊರಗಿದೆ. ಬಳೆ ಮಣಿಕಟ್ಟಿನಿಂದ ಬೆರಳ ಗೆಣ್ಣಿಗೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ನೀರಿಗೆ ಹೋಯಿತು. ಸದ್ದೂ ಆಗಲಿಲ್ಲ. ಹಳದಿ ಬಣ್ಣ ಒಂದು ಮೊಳದ ತನಕ ಕಂಡಿತು, ಅಷ್ಟೇ.

ಮದುವೆಯ ದಿನ ಅವರ ಅಮ್ಮ ಅದೇ ಮನೆಯಲ್ಲಿ ಹಾಕಿದ ಗಟ್ಟಿ ಬಂಗಾರದ ಬಳೆ ಅದು. ಜೋಡಿಯ ಇನ್ನೊಂದು ಬಳೆಯನ್ನು ಅಪ್ಪನ ಓದಿಗಾಗಿ ಯಾವಾಗಲೋ ಮಾರಿದ್ದರು. ಉಳಿದಿದ್ದು ಇದೊಂದೇ.

ಮಾವ ತಕ್ಷಣ ಅಂಗಿ ಬಿಚ್ಚಿ ಧುಮುಕಲು ಹೊರಟಿದ್ದರು. ಅಜ್ಜಿ ಅವರ ಪಂಚೆ ಹಿಡಿದುಕೊಂಡು ಬಿಡಲೇ ಇಲ್ಲ. "ಬಳೆ ಹೋದರೆ ಹೋಯಿತು, ನೀನು ಕೂತ್ಕೋ" ಅಂದರು. ರಾತ್ರಿ ಮಾತ್ರ ಬರಿಗೈಯನ್ನು ಸವರುತ್ತಾ ಕೂತಿದ್ದರು. ಅದನ್ನು ನೋಡಲು ಆಗುತ್ತಿಲ್ಲ.

ಮುಳುಗುವವರನ್ನು ಕರೆಸಬಹುದಾ? ಅಯಸ್ಕಾಂತ ಕಟ್ಟಿ ಇಳಿಸಿದರೆ ಬರುತ್ತದಾ? ಏನೂ ಗೊತ್ತಿಲ್ಲ.

ಗಂಗೊಳ್ಳಿ ತೀರ | ಜನವರಿ 19, ಬೆಳಿಗ್ಗೆ

ತಂಗೀ, ಮೊದಲು ಒಂದು ಮಾತು. ನಿಮ್ಮ ಅಜ್ಜಿ ಮಾಡಿದ್ದೇ ಸರಿ. ಸಿಟ್ಟಲ್ಲಿ, ಗಾಬರಿಯಲ್ಲಿ ನೀರಿಗೆ ಇಳಿಯಬಾರದು. ನಾನು ಹುಟ್ಟಿದಾಗಿನಿಂದ ನೀರಿನ ಮೇಲೇ ಇರುವವನು. ಬಂಗಾರ ಎಲ್ಲಿಗೂ ಓಡಿ ಹೋಗುವುದಿಲ್ಲ.

ಈಗ ಹೇಳಿ. ಬಿದ್ದ ಜಾಗಕ್ಕೆ ಏನಾದರೂ ಗುರುತು ಹಾಕಿದ್ದೀರಾ? ದೋಣಿಯಿಂದ ಏನೇ ಬಿದ್ದರೂ ಮಾಡಬೇಕಾದ ಮೊದಲ ಕೆಲಸ ಅದು. ಕೈಗೆ ಸಿಕ್ಕಿದ ಖಾಲಿ ಬಾಟಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಕಲ್ಲೋ ಲಂಗರೋ ಕಟ್ಟಿ ತಕ್ಷಣ ಬಿಡಬೇಕು. ದೋಣಿ ನಿಂತಿದೆ ಅಂತ ನಮಗೆ ಅನಿಸುತ್ತದೆ, ಗಾಳಿ ಸುಮ್ನೆ ತಳ್ಳುತ್ತಲೇ ಇರುತ್ತದೆ. ಐದು ನಿಮಿಷ "ಅಯ್ಯೋ ಅಯ್ಯೋ" ಅನ್ನುವುದರೊಳಗೆ ಇಪ್ಪತ್ತು ಮಾರು ಆಚೆ ಹೋಗಿರುತ್ತೀರಿ.

ಬಾಟಲಿ ಬಿಟ್ಟಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಕಡಲಲ್ಲಿ ಬಲೆ ಬಿಟ್ಟ ಜಾಗಕ್ಕೆ ಹಿಂದಿನವರು ಹೀಗೇ ಹೋಗುತ್ತಿದ್ದರು. ಎದುರಿಗೆ ಎರಡು ವಸ್ತು ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತಿತ್ತಾ ನೆನಪು ಮಾಡಿ. ಹತ್ತಿರದ ಮರ, ಅದರ ನೇರಕ್ಕೆ ಹಿಂದಿನ ಗುಡ್ಡದ ತುದಿ, ಹಾಗೆ. ಪಕ್ಕಕ್ಕೆ ತಿರುಗಿದರೆ ಇನ್ನೊಂದು ಅಂಥ ಜೋಡಿ. ಎರಡು ಸಾಲು ಎಲ್ಲಿ ಕೂಡುತ್ತವೋ ಅಲ್ಲೇ ನಿಮ್ಮ ದೋಣಿ ಇತ್ತು. ಒಂದೇ ಮರ ನೋಡಿಕೊಂಡರೆ ಪ್ರಯೋಜನ ಇಲ್ಲ, ಜೋಡಿ ಬೇಕು.

ಲೋಹದ ದನಿ | ಜನವರಿ 19, ಮಧ್ಯಾಹ್ನ

ಅಯಸ್ಕಾಂತ ಬೇಡ. ಬಂಗಾರ, ಬೆಳ್ಳಿ, ಹಿತ್ತಾಳೆ, ಅಲ್ಯುಮಿನಿಯಂ ಯಾವುದೂ ಅಂಟುವುದಿಲ್ಲ. ಕಬ್ಬಿಣದ ಲಂಗರು, ಸ್ಪ್ಯಾನರ್ ಬಿದ್ದಿದ್ದರೆ ಅದು ಸರಿ.

ಒಂದು ಪ್ರಶ್ನೆ. ಬಳೆ ಬೀಳುವ ಹೊತ್ತಿಗೆ ಯಾರಾದರೂ ಫೋಟೋ ತೆಗೆಯುತ್ತಿದ್ದರಾ? ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೇ ಜಾಗ ಬರೆದಿರುತ್ತದೆ. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಹುಡುಕಲು ಅಷ್ಟು ಸಾಕು.

ತಾಳಗುಪ್ಪದ ಮೊಮ್ಮಗಳು | ಜನವರಿ 19, ಮಧ್ಯಾಹ್ನ

ಅಣ್ಣಾ, ತುಂಬಾ ಥ್ಯಾಂಕ್ಸ್. ಗುರುತು ಹಾಕಿರಲಿಲ್ಲ. ಆದರೆ ಫೋಟೋ ಇದೆ! ಅಜ್ಜಿ ನೀರಿಗೆ ಕೈ ಇಳಿಸುವಾಗ ತಮ್ಮ ತೆಗೆದದ್ದು. ಬಳೆ ಇನ್ನೂ ಕೈಯಲ್ಲೇ ಇದೆ. ಲೊಕೇಶನ್ ಕೂಡ ಇದೆ. ಹಿಂದೆ ಒಂದು ಒಣ ಮರ, ಅದರ ಹಿಂದೆ ಮಾವನ ನೆರೆಯವರ ಕೊಟ್ಟಿಗೆಯ ಹೆಂಚು ಕಾಣುತ್ತಿದೆ.

ನೇತ್ರಾಣಿ ನೀಲಿ | ಜನವರಿ 19, ಸಂಜೆ

ನಾನು ಸ್ಕೂಬಾ ಕಲಿತವನು. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ವರ್ಷಕ್ಕೆ ನಾಲ್ಕಾರು ಸಲ ಇಳಿಯುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದರಲ್ಲಿ ಜೀವದ ಪ್ರಶ್ನೆ ಇದೆ.

ಹಿನ್ನೀರು ಮೇಲಿನಿಂದ ಶಾಂತವಾಗಿ ಕಾಣುತ್ತದೆ. ಒಳಗೆ ಹಾಗಿಲ್ಲ. ಒಂದು, ಅಡಿಗೆ ಹೋದಂತೆ ಬೆಳಕು ಇಲ್ಲ. ತಳದ ಕೆಸರಿಗೆ ಕೈ ತಾಗಿದರೆ ಸಾಕು, ಮೋಡ ಎದ್ದ ಹಾಗೆ ಎದ್ದು ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಎರಡು, ಮುಳುಗಿದ ಕಾಡು. ಮರದ ಬೊಡ್ಡೆಗಳು, ಕೊಂಬೆಗಳು ಹಾಗೇ ನಿಂತಿವೆ. ಮೂರು, ಬಲೆ. ಹರಿದು ಹೋದ ಮೀನಿನ ಬಲೆ ಬೊಡ್ಡೆಗೆ ಸುತ್ತಿಕೊಂಡಿರುತ್ತದೆ. ನೀರಲ್ಲಿ ಆ ಸಣ್ಣ ಎಳೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಲಿಗೆ ಸಿಕ್ಕರೆ, ಕತ್ತರಿಸಲು ಚಾಕು ಇಲ್ಲದಿದ್ದರೆ, ಮೇಲೆ ಬರಲು ಆಗುವುದಿಲ್ಲ.

ಉಸಿರು ಕಟ್ಟಿ ಮುಳುಗುವವರಿಗೆ ಇನ್ನೂ ಒಂದು ಅಪಾಯ ಇದೆ. ಒಳ್ಳೆಯ ಈಜುಗಾರರೇ ಇದಕ್ಕೆ ಜಾಸ್ತಿ ಬಲಿಯಾಗುತ್ತಾರೆ. ಇಳಿಯುವ ಮೊದಲು ಜೋರಾಗಿ ನಾಲ್ಕೈದು ಸಲ ಉಸಿರಾಡಿದರೆ ಜಾಸ್ತಿ ಹೊತ್ತು ಇರಬಹುದು ಅಂತ ಹಲವರು ನಂಬಿದ್ದಾರೆ. ಹಾಗೆ ಮಾಡಿದಾಗ ಮೈಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗುತ್ತದೆ. "ಉಸಿರು ಬೇಕು" ಅಂತ ಮೈ ಎಚ್ಚರಿಸುವುದು ಅದು ಏರಿದಾಗ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಮೇಲೆ ಬರುತ್ತಾ ಬರುತ್ತಾ ಪ್ರಜ್ಞೆ ತಪ್ಪುತ್ತದೆ. ಒದ್ದಾಟ ಇಲ್ಲ, ಕೂಗು ಇಲ್ಲ. ದೋಣಿಯಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಮಾವನವರಿಗೆ ದಯವಿಟ್ಟು ಈ ಪೋಸ್ಟ್ ಓದಿ ಹೇಳಿ.

ತರಬೇತಿ ಇದ್ದವರು ಹುಡುಕುವ ಕ್ರಮ ಬೇರೆ. ಬಿದ್ದ ಜಾಗದಲ್ಲಿ ಭಾರ ಇಳಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗ ಬಿಗಿ ಹಿಡಿದು ಒಂದು ಸುತ್ತು ಹೋಗುತ್ತಾರೆ. ತಳವನ್ನು ಕೈಯಿಂದಲೇ ತಡವುತ್ತಾರೆ. ಸುತ್ತು ಮುಗಿದ ಮೇಲೆ ಹಗ್ಗವನ್ನು ಕೈ ಚಾಚುವಷ್ಟು ಸಡಿಲಿಸಿ ಇನ್ನೊಂದು ಸುತ್ತು. ಗಾಣದ ಎತ್ತು ಸುತ್ತಿದ ಹಾಗೆ, ಆದರೆ ಪ್ರತಿ ಸುತ್ತೂ ಸ್ವಲ್ಪ ದೊಡ್ಡದು. ಬೊಡ್ಡೆ ಇರುವ ಕಡೆ ಹಗ್ಗ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಈ ಕ್ರಮ ನಡೆಯುವುದಿಲ್ಲ. ನಿಮ್ಮ ಜಾಗ ಎಷ್ಟು ಆಳ?

ಕಾಳಿ ದಂಡೆ | ಜನವರಿ 19, ರಾತ್ರಿ

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಮ್ಮ ದಾಂಡೇಲಿ ಕಡೆ ಇನ್ನೂ ಎರಡು ಸೇರಿಸಿಕೊಳ್ಳಿ. ಕಾಳಿಯಲ್ಲಿ ಮೊಸಳೆ ಇವೆ. ಮತ್ತೆ ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಕಾಲು ಮುಳುಗುವ ಜಾಗ ನೋಡನೋಡುತ್ತಾ ಎದೆಮಟ್ಟ ಆಗುತ್ತದೆ. ಕ್ಯಾಮೆರಾ ಬಿತ್ತು, ಕನ್ನಡಕ ಬಿತ್ತು ಅಂತ ಪ್ರವಾಸಿಗರು ಇಳಿಯುತ್ತಾರೆ. ದಯವಿಟ್ಟು ಬೇಡ.

ಮುಳುಗಡೆ ಮಾಸ್ತರು | ಜನವರಿ 20, ಬೆಳಿಗ್ಗೆ

ಮಗಳೇ, ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ನಮ್ಮದೂ ಮುಳುಗಡೆ ಕುಟುಂಬ. ನಾನು ಸಾಗರ ತಾಲ್ಲೂಕಿನಲ್ಲಿ ಮಾಸ್ತರಾಗಿದ್ದವನು. ಈಗ ನಿವೃತ್ತ.

ಯಾರನ್ನೂ ಮುಳುಗಿಸಬೇಡಿ. ಕಾಯಿರಿ. ಯಾಕೆ ಅಂತ ಹೇಳುತ್ತೇನೆ.

ಲಿಂಗನಮಕ್ಕಿ ತುಂಬಿದಾಗ ಮಟ್ಟ 1819 ಅಡಿ. ಇದು ಆಳ ಅಲ್ಲ, ಸಮುದ್ರ ಮಟ್ಟದಿಂದ ಎತ್ತರ. ಮಳೆಗಾಲ ಕಳೆದ ಮೇಲೆ ಶರಾವತಿ ವಿದ್ಯುದಾಗಾರಕ್ಕೆ ನೀರು ಹೋಗುತ್ತಲೇ ಇರುತ್ತದೆ. ಬರುವ ನೀರು ಇಲ್ಲ. ಹಾಗಾಗಿ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ಬೇಸಿಗೆ ಕೊನೆಗೆ ಹತ್ತಾರು ಅಡಿ ಕೆಳಗೆ ಬಂದಿರುತ್ತದೆ. 1948ರಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಆಗಲೇ ಹೊರಗೆ ಕಾಣುವುದು. ಹಳೆಯ ರಸ್ತೆ, ಬಾವಿಯ ಕಟ್ಟೆ, ಮನೆಗಳ ಪಂಚಾಂಗ (ಅಡಿಪಾಯ) ಎಲ್ಲ ಮೇಲೆ ಬರುತ್ತವೆ. ನಮ್ಮ ತಂದೆ ಬದುಕಿರುವ ತನಕ ಏಪ್ರಿಲ್‌ನಲ್ಲಿ ಒಂದು ದಿನ ಹೋಗಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದರು.

ನಿಮ್ಮ ಅಜ್ಜಿಯ ಅಂಗಳ ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕುವುದು ಸುಲಭ. ಆ ಜಾಗಕ್ಕೆ ದೋಣಿಯಲ್ಲಿ ಹೋಗಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ. ತಳ ತಾಗಿದಾಗ ನೀರಿನ ಮಟ್ಟಕ್ಕೆ ಹಗ್ಗ ಹಿಡಿದು ಗಂಟು ಹಾಕಿ. ಹಗ್ಗ ಮೇಲೆಳೆದು ಕಲ್ಲಿನಿಂದ ಗಂಟಿನ ತನಕ ಟೇಪಿನಲ್ಲಿ ಅಳೆಯಿರಿ. ಅದೇ ದಿನದ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬಂದಿರುತ್ತದೆ. ಮಟ್ಟದಿಂದ ಆಳ ಕಳೆಯಿರಿ. ಬಂದ ಅಂಕಿಗೆ ಜಲಾಶಯ ಇಳಿದ ದಿನ ನಿಮ್ಮ ಬಳೆ ನೆಲದ ಮೇಲೆ ಇರುತ್ತದೆ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಊರಿನ ಹೆಸರು ಇಲ್ಲಿ ಬರೆಯಬೇಡಿ. ಬಂಗಾರದ ಸುದ್ದಿ ಕೇಳಿ ಯಾರ್ಯಾರೋ ಬರುತ್ತಾರೆ.

ಲೋಹದ ದನಿ | ಜನವರಿ 20, ಬೆಳಿಗ್ಗೆ

ಮಾಸ್ತರೇ, ಇದು ನನಗೆ ಹೊಳೆದೇ ಇರಲಿಲ್ಲ. ನೀರಿನ ಅಡಿ ಹುಡುಕುವ ಕೆಲಸವೇ ಬೇಡ! ನನ್ನ ಹತ್ತಿರ ಮೆಟಲ್ ಡಿಟೆಕ್ಟರ್ ಇದೆ. ಏಪ್ರಿಲ್‌ನಲ್ಲಿ ನಾನೇ ಬರುತ್ತೇನೆ. ಬಸ್ ಖರ್ಚೂ ಬೇಡ.

ತಾಳಗುಪ್ಪದ ಮೊಮ್ಮಗಳು | ಜನವರಿ 21, ಸಂಜೆ

ಇವತ್ತು ಮಾವ ಮತ್ತು ತಮ್ಮ ಹೋಗಿ ಅಳೆದು ಬಂದರು. ಜಿಪಿಎಸ್ ತೋರಿಸಿದ ಜಾಗಕ್ಕೆ ಹೋಗಿ, ಒಣ ಮರ ಮತ್ತು ಕೊಟ್ಟಿಗೆ ಸಾಲಿಗೆ ಬರುವ ತನಕ ದೋಣಿ ಸರಿಸಿದರಂತೆ. ಹಗ್ಗ 22 ಅಡಿ. ಇವತ್ತಿನ ಮಟ್ಟ 1803. ಅಂದರೆ 1781!

ಒಂದು ಉಪಾಯ ಮಾವ ಮಾಡಿದರು. ದೊಡ್ಡ ಕಲ್ಲಿಗೆ ನೈಲಾನ್ ಹಗ್ಗ ಕಟ್ಟಿ ಅಲ್ಲೇ ಇಳಿಸಿ ಬಂದಿದ್ದಾರೆ. ಮೇಲೆ ಬಾಟಲಿ ಕಟ್ಟಿಲ್ಲ, ಬೇರೆಯವರ ಕಣ್ಣಿಗೆ ಬೀಳಬಾರದು ಅಂತ. ನೀರು ಇಳಿದಾಗ ಹಸಿರು ಹಗ್ಗ ಕಟ್ಟಿದ ಕಲ್ಲು ಹುಡುಕಿದರೆ ಸಾಕು.

ಅಜ್ಜಿಗೆ ಲೆಕ್ಕ ಹೇಳಿದೆ. "ಹಾಗಾದರೆ ಅಂಗಳ ಮೇಲೆ ಬರುತ್ತದಾ?" ಅಂತ ಕೇಳಿದರು. ಬಳೆಯ ಬಗ್ಗೆ ಕೇಳಲಿಲ್ಲ.

ಹೊನ್ನಾವರದ ಅಲೆ | ಫೆಬ್ರವರಿ 3

ಇದೇ ಚರ್ಚೆಯಲ್ಲಿ ಕೇಳಬಹುದಾ? ನಿನ್ನೆ ಶರಾವತಿಯ ಇನ್ನೊಂದು ತುದಿಯಲ್ಲಿ, ಅಳಿವೆ ಹತ್ತಿರ ಕಾಂಡ್ಲಾ (ಉಪ್ಪು ನೀರಿನ ಕಾಡು) ನೋಡಲು ದೋಣಿಯಲ್ಲಿ ಹೋಗಿದ್ದಾಗ ನನ್ನ ಫೋನ್ ಬಿತ್ತು. ಸುಮಾರು ಎರಡಾಳು ನೀರು. ಕಳೆದ ಫೋನ್ ಎಲ್ಲಿದೆ ಅಂತ ತೋರಿಸುವ "ಫೈಂಡ್" ಆ್ಯಪಿನಲ್ಲಿ ನೋಡಿದರೆ ದಡದ ಹತ್ತಿರ ತೋರಿಸುತ್ತಿದೆ. ಅಲ್ಲಿಗೆ ಹೋಗಿರಬಹುದಾ?

ಮೊಬೈಲ್ ರಿಪೇರಿ ಹಾಸನ | ಫೆಬ್ರವರಿ 3

ಇಲ್ಲ ಮೇಡಂ. ನೀರಿನೊಳಗೆ ಹೋದ ಕೂಡಲೇ ಸಿಗ್ನಲ್ ಸತ್ತು ಹೋಗುತ್ತದೆ. ರೇಡಿಯೋ ಅಲೆ ನೀರನ್ನು, ಅದರಲ್ಲೂ ಉಪ್ಪು ನೀರನ್ನು ದಾಟುವುದಿಲ್ಲ. ಆ್ಯಪು ತೋರಿಸುತ್ತಿರುವುದು ಬೀಳುವ ಮೊದಲು ಕೊನೆಯ ಸಲ ಸಿಕ್ಕ ಜಾಗ. ಫೋನ್ ಬಂಗಾರದ ಹಾಗೆ ನೇರ ಇಳಿಯುವುದೂ ಇಲ್ಲ. ಚಪ್ಪಟೆ ಅಲ್ವಾ, ಒಣ ಎಲೆ ಬಿದ್ದ ಹಾಗೆ ಆಚೀಚೆ ಜಾರುತ್ತಾ ಹೋಗುತ್ತದೆ. ಹರಿವು ಇದ್ದರೆ ಇನ್ನೂ ದೂರ.

ಮೊದಲು ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿಗೆ ಹೊಸದು ತೆಗೆದುಕೊಳ್ಳಿ. ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ ಬರುವುದು.

ಫೋನ್ ಸಿಕ್ಕರೆ ಏನು ಮಾಡಬೇಕು ಅಂತ ಈಗಲೇ ಹೇಳಿಬಿಡುತ್ತೇನೆ. ಸಿಕ್ಕವರೆಲ್ಲ ಇಲ್ಲೇ ತಪ್ಪು ಮಾಡುತ್ತಾರೆ.

ಆನ್ ಮಾಡಿ ನೋಡಬೇಡಿ. ಚಾರ್ಜಿಗೆ ಹಾಕಲೇಬೇಡಿ. ಉಪ್ಪು ನೀರು ಮತ್ತು ಕರೆಂಟು ಸೇರಿದರೆ ಬೋರ್ಡಿನ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಸಣ್ಣ ಸಣ್ಣ ಕಾಲುಗಳು ತಿಂದು ಹೋಗುತ್ತವೆ. ಸಿಹಿ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಹೌದು, ನೀರಿಗೆ ಬಿದ್ದ ಫೋನನ್ನು ಮತ್ತೆ ನೀರಲ್ಲೇ ತೊಳೆಯುವುದು. ಉಪ್ಪು ಹೋಗಬೇಕು. ಸಿಮ್ ಟ್ರೇ ತೆಗೆಯಿರಿ. ಚಾರ್ಜಿಂಗ್ ಬಾಯಿ ಕೆಳಗೆ ಮಾಡಿ ಫ್ಯಾನ್ ಗಾಳಿಗೆ ನಿಲ್ಲಿಸಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಅಕ್ಕಿಯ ಪುಡಿ ಒಳಗೆ ಹೋಗಿ ಅಂಟುತ್ತದೆ. ಆ್ಯಪಲ್ ಕಂಪನಿಯೇ ಅಕ್ಕಿ ಬೇಡ ಅಂತ ಬರೆದಿದೆ. ಹೇರ್ ಡ್ರೈಯರ್ ಕೂಡ ಬೇಡ. ಆಮೇಲೆ ತೆರೆಯಲು ಗೊತ್ತಿರುವವರ ಹತ್ತಿರ ಕೊಡಿ. ಬ್ಯಾಟರಿ ಬಿಡಿಸಿ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡು ತೊಳೆಯುತ್ತೇವೆ.

"ವಾಟರ್‌ಪ್ರೂಫ್ ಫೋನ್" ಅಂತ ಧೈರ್ಯ ಬೇಡ. ನೀರು, ಧೂಳು ತಡೆಯುವ ದರ್ಜೆಗೆ ಐಪಿ68 ಅಂತ ಒಂದೇ ಹೆಸರು ಇದ್ದರೂ ಅಳತೆ ಬೇರೆ ಬೇರೆ. ಐಫೋನ್ 12 ಮತ್ತು ಆಮೇಲಿನ ಮುಖ್ಯ ಮಾಡೆಲ್‌ಗಳಿಗೆ 6 ಮೀಟರ್, 30 ನಿಮಿಷ ಅಂತ ಹೇಳುತ್ತಾರೆ. ಸ್ಯಾಮ್‌ಸಂಗ್ ಗ್ಯಾಲಕ್ಸಿಯ ದೊಡ್ಡ ಮಾಡೆಲ್‌ಗಳಿಗೆ ಒಂದೂವರೆ ಮೀಟರ್, 30 ನಿಮಿಷ, ಅದೂ ಸಿಹಿ ನೀರಿನಲ್ಲಿ. ಒಂದು ಸಲ ಬಿದ್ದು ಗಾಜು ಸೀಳಿದ್ದರೆ ಅಥವಾ ಒಳಗೆ ತೆರೆದು ರಿಪೇರಿ ಮಾಡಿದ್ದರೆ ಆ ರಕ್ಷಣೆ ಹೋಯಿತು ಅಂತಲೇ ಲೆಕ್ಕ.

ಗಂಗೊಳ್ಳಿ ತೀರ | ಫೆಬ್ರವರಿ 3

ಹೊನ್ನಾವರದ ತಂಗೀ, ಅಳಿವೆಯಲ್ಲಿ ನೀರಿನ ಹೊತ್ತು ನೋಡಿ ಹುಡುಕಬೇಕು. ಉಬ್ಬರ ಇಳಿತ ನಮ್ಮ ಕಡೆ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇಳಿತ ತೀರಾ ಕೆಳಗೆ ಹೋಗುತ್ತದೆ. ಇಳಿತ ಮುಗಿದು ಏರು ಶುರುವಾಗುವ ಮೊದಲು ಸ್ವಲ್ಪ ಹೊತ್ತು ನೀರು ನಿಂತ ಹಾಗೆ ಇರುತ್ತದೆ. ಕೆಲಸ ಮಾಡಬೇಕಾದ್ದು ಆಗ.

ಮತ್ತೆ, ಸ್ಕೂಬಾದವರಿಗಿಂತ ಮೊದಲು ಮರುವಾಯಿ (ಚಿಪ್ಪುಮೀನು) ಹೆಕ್ಕುವವರನ್ನು ಕೇಳಿ. ಅವರು ಕಣ್ಣಲ್ಲಿ ಹುಡುಕುವುದಿಲ್ಲ, ಕಾಲಲ್ಲಿ ಹುಡುಕುತ್ತಾರೆ. ಕೆಸರಿನೊಳಗೆ ಹೆಬ್ಬೆರಳು ಆಡಿಸಿ ಇದು ಕಲ್ಲು, ಇದು ಚಿಪ್ಪು ಅಂತ ಹೇಳುತ್ತಾರೆ. ನಮ್ಮ ಕೇರಿಯ ಒಬ್ಬ ಹೆಂಗಸು ನನ್ನ ಬೈಕಿನ ಕೀಲಿಯನ್ನು ಹಾಗೇ ತೆಗೆದು ಕೊಟ್ಟಿದ್ದಾರೆ. ಎದೆಮಟ್ಟ ನೀರು, ಏನೂ ಕಾಣದ ಕೆಸರು. ಬಗ್ಗಲೂ ಇಲ್ಲ, ಕಾಲ ಬೆರಳಲ್ಲೇ ಹಿಡಿದು ಎತ್ತಿದರು. ಅಂಥವರಿಗೆ ಅರ್ಧ ದಿನದ ದುಡಿಮೆ ಹೋಗುತ್ತದೆ. ಸಿಗಲಿ ಬಿಡಲಿ, ಕೂಲಿ ಕೊಡಲೇಬೇಕು.

ಕಾನೂನು ಕಟ್ಟೆ | ಫೆಬ್ರವರಿ 4

ಕೂಲಿಯ ಮಾತು ಬಂತು ಅಂತ ಹೇಳುತ್ತೇನೆ. "ಹುಡುಕಿಕೊಟ್ಟವರಿಗೆ ಇಷ್ಟು ಬಹುಮಾನ" ಅಂತ ನೀವು ಒಂದು ಮೊತ್ತ ಹೇಳಿದ್ದರೆ, ಹುಡುಕಿದವರು ಅದನ್ನು ಕೋರ್ಟಿನಲ್ಲೂ ಕೇಳಬಹುದು. ಕೊಡುವ ತನಕ ವಸ್ತುವನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲೂ ಬಹುದು. 1872ರ ಕರಾರು ಕಾಯ್ದೆಯ 168ನೇ ಕಲಂ. ಏನೂ ಹೇಳದೆ ಇದ್ದಾಗ ತಾವಾಗಿ ಹುಡುಕಿದವರು ಶ್ರಮದ ಹಣಕ್ಕೆ ದಾವೆ ಹಾಕಲು ಆಗುವುದಿಲ್ಲ. ಆದ್ದರಿಂದ ಮೊದಲೇ ಮಾತಾಡಿ, ಇಬ್ಬರಿಗೂ ಒಳ್ಳೆಯದು.

ಇನ್ನೊಂದು. ನೀರಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಸಿಕ್ಕವರ ಪಾಲು ಆಗುವುದಿಲ್ಲ. ಯಾರದು ಅಂತ ಗೊತ್ತಿದ್ದೂ, ಅಥವಾ ಗೊತ್ತು ಮಾಡಿಕೊಳ್ಳಲು ಪ್ರಯತ್ನವನ್ನೇ ಮಾಡದೆ ಇಟ್ಟುಕೊಂಡರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ. ಹಾಗಾಗಿ ಆ ಬಳೆಯ ಫೋಟೋ ಜೋಪಾನ ಮಾಡಿ. ನಾಳೆ ಬೇರೆಯವರ ಕೈಗೆ ಸಿಕ್ಕರೆ ನಿಮ್ಮದು ಅಂತ ತೋರಿಸಲು ಅದೇ ಆಧಾರ.

ಮಿನೆಸೋಟ ಕನ್ನಡಿಗ | ಫೆಬ್ರವರಿ 6

ಇಲ್ಲಿ ಮನೆಗೊಂದು ದೋಣಿ ಅನ್ನುವಷ್ಟು ಕೆರೆಗಳು. ಕೀಲಿಗೆ ಬೆಂಡು ಕಟ್ಟದೆ ಯಾರೂ ದೋಣಿ ಹತ್ತುವುದಿಲ್ಲ. ಕನ್ನಡಕಕ್ಕೂ ತೇಲುವ ದಾರ ಇರುತ್ತದೆ. ಉಂಗುರವನ್ನು ಮನೆಯಲ್ಲೇ ಬಿಚ್ಚಿಟ್ಟು ಬರುತ್ತಾರೆ. ತಣ್ಣನೆ ನೀರಿಗೆ ಬೆರಳು ಸಣ್ಣಗಾಗುತ್ತದೆ, ದಿನವೂ ಬಿಗಿಯಾಗಿರುವ ಉಂಗುರವೂ ಜಾರುತ್ತದೆ. ಊರಿಗೆ ಬಂದಾಗ ನಾನು ಹರಿಗೋಲು ಹತ್ತುವ ಮೊದಲು ಹೆಂಡತಿಯ ಕಾಲುಂಗುರ ಸಹ ನೋಡುತ್ತೇನೆ.

ಹೊನ್ನಾವರದ ಅಲೆ | ಫೆಬ್ರವರಿ 18

ಅಮಾವಾಸ್ಯೆಯ ಇಳಿತಕ್ಕೆ ಹೋಗಿದ್ದೆವು. ಮರುವಾಯಿ ತೆಗೆಯುವ ಇಬ್ಬರು ಎರಡು ಗಂಟೆ ಹುಡುಕಿದರು. ಸಿಗಲಿಲ್ಲ. ಕೂಲಿ ಕೊಟ್ಟು ಬಂದೆ. ಅದರಲ್ಲಿ ಅಪ್ಪನ ಕೊನೆಯ ವಾಯ್ಸ್ ಮೆಸೇಜುಗಳು ಇದ್ದವು. ಬ್ಯಾಕಪ್ ಮಾಡಿರಲಿಲ್ಲ. ಈ ಚರ್ಚೆ ಓದುತ್ತಿರುವ ಎಲ್ಲರೂ ಇವತ್ತೇ, ಈಗಲೇ ಬ್ಯಾಕಪ್ ಮಾಡಿ.

ಮೊಬೈಲ್ ರಿಪೇರಿ ಹಾಸನ | ಫೆಬ್ರವರಿ 18

ಮೇಡಂ, ಅವು ವಾಟ್ಸ್ಆ್ಯಪಿನಲ್ಲಿ ಬಂದದ್ದಾ? ಹಾಗಿದ್ದರೆ ತಂದೆಯವರ ಫೋನಿನಲ್ಲೂ ಇರುತ್ತವೆ, ಕಳಿಸಿದ್ದು ಅಲ್ಲಿಂದಲೇ ಅಲ್ವಾ. ಆ ಫೋನ್ ಮನೆಯಲ್ಲಿ ಇದ್ದರೆ ರೀಸೆಟ್ ಮಾಡಬೇಡಿ, ಯಾರಿಗೂ ಕೊಡಬೇಡಿ.

ಹೊನ್ನಾವರದ ಅಲೆ | ಫೆಬ್ರವರಿ 18

ಅಮ್ಮನ ಕಪಾಟಿನಲ್ಲಿ ಇದೆ!! ಈಗಲೇ ಚಾರ್ಜಿಗೆ ಹಾಕುತ್ತೇನೆ.

ಹೊನ್ನಾವರದ ಅಲೆ | ಫೆಬ್ರವರಿ 18, ರಾತ್ರಿ

ಎಲ್ಲ ಇವೆ. ಅಮ್ಮ ಮತ್ತು ನಾನು ಕೂತು ಕೇಳಿದೆವು. ಹಾಸನದ ಅಣ್ಣಾ, ನಿಮ್ಮ ಋಣ ತೀರಿಸಲು ಆಗುವುದಿಲ್ಲ.

ಬೆಂಗಳೂರು ಪಯಣಿಗ | ಮಾರ್ಚ್ 9

ಒಂದು ಸಂಶಯ. ಇಷ್ಟು ದಿನ ಕಾಯುವ ಬದಲು ದುಡ್ಡು ಕೊಟ್ಟು ದೊಡ್ಡ ಉಪಕರಣ ತರಿಸಿದರೆ ಆಗುವುದಿಲ್ಲವಾ? ಸೋನಾರ್ ಅಂತೆಲ್ಲ ಇದೆಯಲ್ಲ.

ನೇತ್ರಾಣಿ ನೀಲಿ | ಮಾರ್ಚ್ 9

ಸೋನಾರ್ ಅಂದರೆ ಶಬ್ದದ ಅಲೆ ಕಳಿಸಿ ನೀರಿನ ಅಡಿ ನೋಡುವ ಉಪಕರಣ. ಅದು ದೋಣಿ, ವಾಹನದಂಥ ದೊಡ್ಡ ವಸ್ತುಗಳಿಗೆ ಸರಿ. ಬೊಡ್ಡೆಗಳ ನಡುವೆ ಕೆಸರಿನಲ್ಲಿ ಹೂತ ಬಳೆಯನ್ನು ಅದು ತೋರಿಸುವುದಿಲ್ಲ.

ದೊಡ್ಡ ವಸ್ತು ಇದ್ದಾಗಲೂ ನೀರೇ ಕೊನೆಯ ಮಾತು ಹೇಳುತ್ತದೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ, ಲಾರಿ ಗಂಗಾವಳಿ ನದಿಯ ಪಾಲಾದದ್ದು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಗಂಗಾವಳಿಯ ಹರಿವು ಎಷ್ಟಿತ್ತು ಅಂದರೆ ನೌಕಾಪಡೆಯ ಮುಳುಗುಗಾರರಿಗೂ ಇಳಿಯುವುದು ಕಷ್ಟವಾಗಿತ್ತು. ಮಲ್ಪೆಯ ಈಶ್ವರ್ ಅವರಂಥ ಅನುಭವಿಗಳೂ ಅಲ್ಲಿ ಶ್ರಮಿಸಿದರು. ಗೋವಾದಿಂದ ಡ್ರೆಜರ್ (ಹೂಳೆತ್ತುವ ಯಂತ್ರ) ತಂದು, ಕೇರಳದ ಚಾಲಕನ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿ ಹುಡುಕುತ್ತಿದ್ದದ್ದು ಮನುಷ್ಯರನ್ನು, ಬಳೆಗೆ ಹೋಲಿಸುತ್ತಿಲ್ಲ. ಹರಿವು ಬಿಡುವ ತನಕ ಯಾರ ಬಲವೂ ನಡೆಯುವುದಿಲ್ಲ ಅಂತ ಮಾತ್ರ ಹೇಳಿದೆ.

ಮುಳುಗಡೆ ಮಾಸ್ತರು | ಏಪ್ರಿಲ್ 11

ಮಗಳೇ, ಇವತ್ತಿನ ಪತ್ರಿಕೆಯಲ್ಲಿ 1782 ಅಡಿ. ಹತ್ತಿರ ಬಂತು.

ಎರಡು ಎಚ್ಚರಿಕೆ. ನೀರು ಇಳಿದ ತಕ್ಷಣ ಓಡಬೇಡಿ. ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಾಣುವ ಮಣ್ಣು ಒಳಗೆ ಹಸಿ ಇರುತ್ತದೆ. ಸೊಂಟದ ತನಕ ಹೂತು ಹೋದ ದನಗಳನ್ನು ಎಳೆದು ತೆಗೆದದ್ದು ನೋಡಿದ್ದೇನೆ. ಕೋಲು ಊರಿ ನೋಡಿಕೊಂಡು ಹೋಗಿ. ಇನ್ನೂ ಒಂದೆರಡು ಅಡಿ ಇಳಿಯಲಿ, ಒಂದು ವಾರ ಬಿಸಿಲು ಬೀಳಲಿ. ಹಾಗಂತ ಜಾಸ್ತಿ ತಡ ಮಾಡಿದರೆ ಮೇ ತಿಂಗಳ ಗುಡುಗು ಮಳೆಗೆ ಮತ್ತೆ ಕೆಸರು. ಮತ್ತೆ, ಆ ಜಾಗ ಅಭಯಾರಣ್ಯದ ಗಡಿಯೊಳಗೆ ಬಂದರೆ ಅರಣ್ಯ ಇಲಾಖೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಲೋಹದ ದನಿ | ಏಪ್ರಿಲ್ 12

ನಾನು ಸಿದ್ಧ. ಇನ್ನೊಂದು ಒಳ್ಳೆಯ ಸುದ್ದಿ ಹೇಳುತ್ತೇನೆ. ಬಳೆ ಮುಚ್ಚಿದ ವೃತ್ತ ಆದ್ದರಿಂದ ಡಿಟೆಕ್ಟರಿಗೆ ಬಹಳ ಚೆನ್ನಾಗಿ ಕೇಳಿಸುತ್ತದೆ. ತೆಳು ಸರ ಆಗಿದ್ದರೆ ಕಷ್ಟವಿತ್ತು. ತೊಂದರೆ ಇರುವುದು ಮಣ್ಣಿನದು. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸುಮ್ನೆ ಸುಮ್ನೆ ಕೂಗುತ್ತದೆ. ಅಲ್ಲಿಯ ನೆಲಕ್ಕೇ ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಬಂಗಾರ ಮತ್ತು ಗುಟ್ಕಾ ಪೊಟ್ಟಣದ ಹಾಳೆ ಎರಡರ ದನಿಯೂ ಹತ್ತಿರ ಹತ್ತಿರ ಇರುವುದರಿಂದ ಕೂಗಿದ ಕಡೆಯೆಲ್ಲ ಅಗೆಯಬೇಕು.

ತಾಳಗುಪ್ಪದ ಮೊಮ್ಮಗಳು | ಏಪ್ರಿಲ್ 26, ರಾತ್ರಿ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಕೈ ನಡುಗುತ್ತಿದೆ, ನಾಳೆ ಬರೆಯುತ್ತೇನೆ.

ತಾಳಗುಪ್ಪದ ಮೊಮ್ಮಗಳು | ಏಪ್ರಿಲ್ 27, ಬೆಳಿಗ್ಗೆ

ಎಲ್ಲವನ್ನೂ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಲೋಹದ ದನಿ ಅಣ್ಣ ರಾತ್ರಿ ಬಸ್ಸಿನಲ್ಲಿ ಬಂದರು. ಮಾಸ್ತರೂ ಬಂದರು, ಕೋಲು ಹಿಡಿದುಕೊಂಡು. ಬೆಳಿಗ್ಗೆ ಆರೂವರೆಗೆ ಹೊರಟೆವು. ಮಾವ ಇಳಿಸಿದ್ದ ಹಸಿರು ಹಗ್ಗದ ಕಲ್ಲು ದೂರದಿಂದಲೇ ಕಂಡಿತು. ಅದರ ಸುತ್ತ ಹತ್ತು ಅಡಿ ಗೆರೆ ಹಾಕಿ, ಪಟ್ಟಿ ಪಟ್ಟಿಯಾಗಿ ನೋಡಿದೆವು. ಮೊದಲ ಎರಡು ಗಂಟೆ ಸಿಕ್ಕಿದ್ದು ಎತ್ತಿನ ಲಾಳ ಎರಡು, ಬಾಗಿಲ ತಿರುಗಣಿ ಒಂದು, ಮೊಳೆಗಳು, ಹಿಡಿ ಇಲ್ಲದ ಹಿತ್ತಾಳೆ ಸೌಟು. ಪ್ರತಿ ಸಲ ಯಂತ್ರ ಕೂಗಿದಾಗಲೂ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು.

ಬಳೆ ಇದ್ದದ್ದು ಕಲ್ಲಿನ ಹತ್ತಿರ ಅಲ್ಲ. ದಡದ ಕಡೆಗೆ 14 ಅಡಿ ದೂರ. ಗಂಗೊಳ್ಳಿ ಅಣ್ಣ ಹೇಳಿದ ಹಾಗೆ ದೋಣಿ ಸರಿದಿತ್ತೋ, ಜಿಪಿಎಸ್ ಆಚೀಚೆ ಆಗಿತ್ತೋ. ಹತ್ತು ಅಡಿಯಲ್ಲಿ ಸಿಗದಿದ್ದಾಗ ಗೆರೆ ದೊಡ್ಡದು ಮಾಡಿದ್ದು ಒಳ್ಳೆಯದಾಯಿತು. ನಾಲ್ಕು ಬೆರಳು ಆಳದಲ್ಲಿತ್ತು, ನಿಂತ ಹಾಗೆ, ಅಂಚು ಮೇಲಕ್ಕೆ ಮಾಡಿಕೊಂಡು. ತಮ್ಮ ಮಣ್ಣು ಸರಿಸಿದಾಗ ಒಂದು ಕಮಾನು ಕಂಡಿತು, ಹೊಳೆಯುತ್ತಲೇ ಇತ್ತು. ಒಂಚೂರೂ ಮಾಸಿರಲಿಲ್ಲ.

ಸಿಕ್ಕಿದ ಜಾಗ ಅಂಗಳ ಅಲ್ಲವಂತೆ. ಮಾಸ್ತರು ಕಲ್ಲುಗಳನ್ನು ನೋಡಿ, ಇದು ಜಗುಲಿಯ ಪಂಚಾಂಗ, ಅದರ ಆಚೆ ಬಚ್ಚಲು ಅಂತ ತೋರಿಸಿದರು. ಅಜ್ಜಿಯನ್ನು ಮಧ್ಯಾಹ್ನ ಕರೆತಂದೆವು. ನೆಲ ಗಟ್ಟಿ ಇದ್ದ ತನಕ ಜೀಪು, ಆಮೇಲೆ ಕುರ್ಚಿಯಲ್ಲಿ ಕೂರಿಸಿ ಮಾವ ಮತ್ತು ತಮ್ಮ ಹೊತ್ತರು. ಅಜ್ಜಿ ಬಳೆ ನೋಡುವ ಮೊದಲು ಜಗುಲಿ ನೋಡಿದರು. ಮೂಲೆಯ ಕಲ್ಲಿನಲ್ಲಿ ಒಂದು ಗುಳಿ ಇದೆ. ಅಡಿಕೆ ಕುಟ್ಟುತ್ತಿದ್ದ ಗುಳಿಯಂತೆ. ಅದರೊಳಗೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು. ನಾವು ಯಾರೂ ಮಾತಾಡಲಿಲ್ಲ.

ಮುಳುಗಡೆ ಮಾಸ್ತರು | ಏಪ್ರಿಲ್ 27

ನಾನು ಇನ್ನೇನು ಬರೆಯಲಿ. ನಿನ್ನೆ ಬರುವಾಗ ನಮ್ಮ ಮನೆಯ ಮೆಟ್ಟಿಲಿಗೂ ಹೋಗಿ ಬಂದೆ.

ಗಂಗೊಳ್ಳಿ ತೀರ | ಏಪ್ರಿಲ್ 27

ತಂಗೀ, ಓದಿ ಕಣ್ಣು ತುಂಬಿತು. ಅಜ್ಜಿಯ ಕೈ ಸೊರಗಿದೆ ಅಂದಿದ್ದಿರಿ. ಬಳೆ ಮತ್ತೆ ಜಾರದ ಹಾಗೆ ಅಕ್ಕಸಾಲಿಗರ ಹತ್ತಿರ ಸ್ವಲ್ಪ ಸಣ್ಣ ಮಾಡಿಸಿ. ತೊಳೆಯುವಾಗ ಗಟ್ಟಿ ಬ್ರಷ್ ಹಾಕಬೇಡಿ, ಮರಳಿನ ಕಣ ಗೀರುತ್ತದೆ.

ತಾಳಗುಪ್ಪದ ಮೊಮ್ಮಗಳು | ಏಪ್ರಿಲ್ 28

ಸಣ್ಣ ಮಾಡಿಸಲು ಅಜ್ಜಿ ಒಪ್ಪುತ್ತಿಲ್ಲ ಅಣ್ಣಾ. ಕೈಗೆ ಹಾಕಿ, ಹಿಂದೆ ಕರಿದಾರ ಸುತ್ತಿ ಬಿಗಿ ಮಾಡಿಕೊಂಡಿದ್ದಾರೆ. ತೊಳೆಯಲೂ ಬಿಡಲಿಲ್ಲ. ಕೆತ್ತನೆಯ ಸಂದಿಯಲ್ಲಿ ಸೇರಿದ್ದ ಮಣ್ಣನ್ನು ತಾವೇ ಕಡ್ಡಿಯಲ್ಲಿ ಬಿಡಿಸಿ, ಬಾಳೆ ಎಲೆಯ ತುಂಡಿನ ಮೇಲೆ ಕೂಡಿಹಾಕಿ, ತುಳಸಿ ಕಟ್ಟೆಗೆ ಹಾಕಿದರು.